ಎದ್ದು ನಿಂತ ತೆಂಗಿನಕಾಯಿ



ಹೋದ ವರ್ಷ ಮಾಘ ಮಾಸದ ಒಂದು ಬೆಳಗ್ಗೆ ನಮ್ಮ ಭಾವನ ಹೊಲದಲ್ಲಿ ಒಂದು ತೆಂಗಿನಕಾಯಿ ಎದ್ದು ನಿಂತಿತು. ನೆಲದ ಮೇಲಲ್ಲ, ಒಬ್ಬ ಮನುಷ್ಯನ ಅಂಗೈ ಮೇಲೆ. ಅದು ಎದ್ದು ನಿಂತದ್ದರಿಂದ ಭಾವ ಸಾಲ ಹೊತ್ತರು, ನಾನು ಊರಿನವರ ಬಾಯಿಗೆ ಬಿದ್ದೆ. ಆ ಕಥೆಯನ್ನೇ ಇವತ್ತು ಹೇಳೋಣ ಅಂತ ಬಂದಿದ್ದೇನೆ.

ಊರು ತಾಳವಾಡಿ ಸೀಮೆಯದು. ಚಾಮರಾಜನಗರದ ಕಡೆಯಿಂದ ಬಂದರೆ ಗಡಿ ದಾಟಿದ್ದೇ ತಿಳಿಯುವುದಿಲ್ಲ. ಬಸ್ಸಿನ ಬೋರ್ಡು ತಮಿಳಿಗೆ ತಿರುಗುತ್ತದೆ, ಬಸ್ಸಿನೊಳಗಿನ ಬೈಗುಳ ಮಾತ್ರ ಕನ್ನಡದಲ್ಲೇ ಇರುತ್ತದೆ. ಡಾ. ರಾಜಕುಮಾರ್ ಅವರ ಗಾಜನೂರು ಇಲ್ಲೇ. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ಹಾಸನೂರು ಕಾಡು ಹಾದು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 1979ರಲ್ಲಿ ಈ ಭಾಗವನ್ನೆಲ್ಲ ಕೊಯಮತ್ತೂರಿನಿಂದ ಬಿಡಿಸಿ ಹೊಸ ಜಿಲ್ಲೆ ಮಾಡಿದಾಗ ಅದಕ್ಕೆ ಇಟ್ಟ ಹೆಸರು ಪೆರಿಯಾರ್ ಜಿಲ್ಲೆ. ಈರೋಡ್ ಅನ್ನುವುದು ಆಮೇಲೆ ಬಂದದ್ದು. ಪೆರಿಯಾರ್ ಎಂದರೆ ಇ. ವಿ. ರಾಮಸ್ವಾಮಿ. 1879ರಲ್ಲಿ ಈರೋಡಿನಲ್ಲಿ, ಕನ್ನಡ ಮನೆಮಾತಿನ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದವರು. ದೇವರೇ ಇಲ್ಲವೆಂದು ಬೀದಿಬೀದಿಯಲ್ಲಿ ಸಾರಿದ ಆ ಮಹಾನುಭಾವರ ಹೆಸರಿನ ಜಿಲ್ಲೆಯಲ್ಲಿ ಬೆಳೆದ ನಮ್ಮ ಭಾವ, ಬೋರ್‌ವೆಲ್ ಪಾಯಿಂಟು ಗುರುತು ಮಾಡಿಸಲು ತೆಂಗಿನಕಾಯಿಯವರನ್ನು ಕರೆಸಿದರು.

ಅವರು ಬಂದದ್ದು ಬೆಳಗ್ಗೆ ಆರೂವರೆಗೆ. ಬಯಲಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ರಾತ್ರಿ ಆನೆ ನುಗ್ಗಿದ ಗುರುತಿಗೆ ಕೋಸಿನ ಎರಡು ಸಾಲು ಚಪ್ಪಟೆಯಾಗಿದ್ದವು. ಮನುಷ್ಯ ಐವತ್ತರ ಆಸುಪಾಸು, ಸಾಧು ಸ್ವಭಾವ, ಮಾತು ಕಡಿಮೆ. ಚಪ್ಪಲಿ ಬಿಟ್ಟರು, ಕೈಗಡಿಯಾರ ಬಿಚ್ಚಿದರು, ನನ್ನ ಮೊಬೈಲನ್ನು ದೂರ ಇಡಲು ಹೇಳಿದರು. ಸಿಪ್ಪೆ ಸುಲಿದು ಜುಟ್ಟು ಉಳಿಸಿದ ಕಾಯನ್ನು ಬಲ ಅಂಗೈ ಮೇಲೆ ಅಡ್ಡ ಮಲಗಿಸಿದರು, ಜುಟ್ಟು ಬೆರಳ ಕಡೆಗೆ. ನಮ್ಮಕ್ಕ ಆ ಜುಟ್ಟಿಗೊಂದು ಚೆಂಡುಹೂವು ಸಿಕ್ಕಿಸಿದಳು. ಹೊಲಕ್ಕೆ ನೀರಿಲ್ಲದಿದ್ದರೂ ಜುಟ್ಟಿಗೆ ಹೂವು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನುವ ಧೈರ್ಯ ಇರಲಿಲ್ಲ, ಅಕ್ಕನ ಮನೆಯಲ್ಲಿ ಇನ್ನೂ ತಿಂಡಿ ಆಗಿರಲಿಲ್ಲ.

ಬದುವಿನುದ್ದಕ್ಕೂ ನಡೆದರು. ಕಾಯಿ ಮಲಗಿಯೇ ಇತ್ತು. ಹಳೆಯ ಬಾವಿಯಿಂದ ಇಪ್ಪತ್ತು ಮಾರು ಆಚೆಗೆ, ಹುಣಸೆಮರದ ನೆರಳಿನ ಅಂಚಿಗೆ ಬಂದಾಗ ಕಾಯಿ ಒಮ್ಮೆ ಮಿಸುಕಿತು, ಜುಟ್ಟು ಮೇಲೆದ್ದಿತು, ನೋಡನೋಡುತ್ತಿದ್ದಂತೆ ಶಾಲೆಯಲ್ಲಿ ಹೆಸರು ಕರೆದ ಹುಡುಗನ ಹಾಗೆ ನೆಟ್ಟಗೆ ನಿಂತುಬಿಟ್ಟಿತು.

"ಇಲ್ಲಿ ಅದ" ಅಂದರು. "ಇನ್ನೂರೈವತ್ತು ಅಡಿಗೆ ಒಂದು, ಮುನ್ನೂರೈವತ್ತಕ್ಕೆ ಒಂದು. ಎರಡು ಗಂಗೆ ಕೂಡ್ತವ."

ನಾನು ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು. ಹಾಗಿದ್ದೂ ಒಪ್ಪಿಕೊಳ್ಳುತ್ತೇನೆ, ಆ ಕ್ಷಣ ನನ್ನ ಮೈಮೇಲಿನ ಕೂದಲೂ ಕಾಯಿಯ ಜೊತೆಗೇ ಎದ್ದು ನಿಂತಿತು. ಅವರು ಮೋಸ ಮಾಡುತ್ತಿರಲಿಲ್ಲ. ಅವರ ಮುಖ ನನ್ನ ಮುಖಕ್ಕಿಂತ ಹೆಚ್ಚು ಬೆರಗಾಗಿತ್ತು.

ಈ ಬೆರಗಿಗೆ 1852ರಲ್ಲೇ ಒಬ್ಬರು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್. ಮನಸ್ಸಿನಲ್ಲಿ ಒಂದು ನಿರೀಕ್ಷೆ ಕೂತರೆ ಸಾಕು, ನಾವು ಅಪ್ಪಣೆ ಕೊಡದೆಯೇ ಸ್ನಾಯು ಅದನ್ನು ನಡೆಸಿಕೊಡುತ್ತದೆ, ಅದು ನಡೆಸಿದ್ದು ನಮಗೆ ಗೊತ್ತೂ ಆಗುವುದಿಲ್ಲ ಎಂದು ಅವರು ಹೇಳಿದರು. ಇದಕ್ಕೆ ಐಡಿಯೋಮೋಟರ್ ಎಂಬ ಪದ ಕಟ್ಟಿದರು. ಅಂಗೈ ಮೇಲೆ ಅಡ್ಡ ಮಲಗಿದ ಕಾಯಿ ಎಂದರೆ ತುದಿಗಾಲಲ್ಲಿ ನಿಂತ ಮಗು ಇದ್ದ ಹಾಗೆ. ಬೆರಳ ಬುಡದಲ್ಲಿ ಒಂದು ಸಣ್ಣ ಮಿಡಿತ ಸಾಕು ಅದು ಸ್ಥಾನ ಬದಲಿಸಲು. ಕೈ ಸೋತಿರುತ್ತದೆ, ಕಣ್ಣು ಹುಣಸೆಮರ ನೋಡಿರುತ್ತದೆ, ಹಳೆಯ ಬಾವಿ ನೋಡಿರುತ್ತದೆ, ಮೂವತ್ತು ವರ್ಷ ಹೊಲ ತುಳಿದ ಅನುಭವ 'ಇಲ್ಲೇ ಇರಬೇಕು' ಅಂದಿರುತ್ತದೆ. ಹಾಗಂದದ್ದು ಮನುಷ್ಯ. ಹೆಸರು ಬಂದದ್ದು ಕಾಯಿಗೆ.

ಕಾರ್ಪೆಂಟರ್ ಹೇಳಿದ ಮರುವರ್ಷ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಆಗ ಲಂಡನ್ನಿನಲ್ಲಿ ಒಂದು ಹುಚ್ಚು. ಸಂಜೆ ನಾಲ್ಕಾರು ಜನ ಮೇಜಿನ ಸುತ್ತ ಕೂತು ಅಂಗೈ ಊರುವುದು, ಸತ್ತವರ ಆತ್ಮ ಬಂದು ಮೇಜನ್ನು ತಿರುಗಿಸುವುದು. ವಿದ್ಯುತ್ತಿನ ಜನಕ ಅನ್ನಿಸಿಕೊಂಡ ಫ್ಯಾರಡೆಯನ್ನು ಎಲ್ಲರೂ ಕೇಳಿದರು, ಇದು ವಿದ್ಯುತ್ತೋ ಅಯಸ್ಕಾಂತವೋ ಅಂತ. ಅವರು ಮೇಜಿನ ಮೇಲೆ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟು ಹಚ್ಚಿ ಒಂದರ ಮೇಲೊಂದು ಪೇರಿಸಿದರು, ಆ ರಟ್ಟಿನ ಮೇಲೆ ಕೈ ಇಡಿ ಅಂದರು. ಮೇಜು ತಾನಾಗಿ ತಿರುಗಿದರೆ ಕೆಳಗಿನ ಹಾಳೆ ಮುಂದೆ ಹೋಗಬೇಕು. ಕೈ ತಳ್ಳಿದರೆ ಮೇಲಿನ ಹಾಳೆ ಮುಂದೆ ಹೋಗಬೇಕು. ಮೇಲಿನದೇ ಹೋಗಿತ್ತು. ಆಮೇಲೆ ಒಂದು ಹುಲ್ಲುಕಡ್ಡಿಯನ್ನು ಮುಳ್ಳಿನ ಹಾಗೆ ಕೂರಿಸಿ, ಕೈ ಎಳ್ಳಷ್ಟು ತಳ್ಳಿದರೂ ಕೂತವರ ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಕಡ್ಡಿ ಕಾಣಿಸುತ್ತಿದ್ದಷ್ಟು ಹೊತ್ತು ಆತ್ಮಗಳು ಆ ಕಡೆ ಸುಳಿಯಲಿಲ್ಲ. ಜಗತ್ತಿಗೆ ಡೈನಮೊ ಕೊಟ್ಟವರು ಒಂದು ಹುಲ್ಲುಕಡ್ಡಿಯಲ್ಲಿ ಇದನ್ನು ಮುಗಿಸಿದರು.

ಮನಸ್ಸು ಕೈಯನ್ನು ನಡೆಸುವ ಮಾತು ಬಂತೆಂದು ಒಂದು ನೆನಪು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಯಾವ ಶಾಸ್ತ್ರದ ಪ್ರಾಧ್ಯಾಪಕರು ಗೊತ್ತೆ? ಎಂಜಿನಿಯರಿಂಗ್ ಅಲ್ಲ, ಭೌತಶಾಸ್ತ್ರವೂ ಅಲ್ಲ. ಮನಶ್ಶಾಸ್ತ್ರ. ನಮ್ಮ ಕಾಯಿಯವರನ್ನು ಅವರು ನೋಡಿದ್ದರೆ ಕಾಯನ್ನು ಬಿಟ್ಟು ಕೈಯನ್ನೇ ನೋಡುತ್ತಿದ್ದರು.

ನಾನೂ ಅದನ್ನೇ ಮಾಡಿದೆ. ತಿಂಡಿ ಆದ ಮೇಲೆ ಸಮಾಧಾನವಾಗಿ ಕೇಳಿದೆ: "ಕಣ್ಣಿಗೆ ಟವಲು ಕಟ್ಟಿಕೊಂಡು ಇನ್ನೊಂದು ಸಲ ನಡೆಯುತ್ತೀರಾ?" ಅವರಿಗೆ ಕೋಪ ಬರಲಿಲ್ಲ. ಕಟ್ಟಿ ಅಂದರು. ಕೈ ಹಿಡಿದು ಸುತ್ತಿ ಬಳಸಿ ನಡೆಸಿದೆ. ಹುಣಸೆಮರದ ಅಂಚಿನಲ್ಲಿ ಗುರುತಿಗೆ ನೆಟ್ಟಿದ್ದ ಗೂಟವನ್ನು ಎರಡು ಸಲ ದಾಟಿದೆವು, ಕಾಯಿ ನಿದ್ದೆಯಿಂದ ಏಳಲಿಲ್ಲ. ದನದ ಕೊಟ್ಟಿಗೆ ಪಕ್ಕದ ತಿಪ್ಪೆಯ ಹತ್ತಿರ ಎದ್ದು ನಿಂತಿತು. ಇನ್ನೊಂದು ಸುತ್ತಿನಲ್ಲಿ ಪಕ್ಕದವರ ಬದುವಿನ ಮೇಲೆ ನಿಂತಿತು. ಟವಲು ಬಿಚ್ಚಿದಾಗ ತಿಪ್ಪೆ ನೋಡಿ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಕಣ್ ಕಟ್ಟಿದ್ರ ಭೂಮ್ತಾಯಿ ಮುನುಸ್ಕತಾಳ ಮೇಷ್ಟ್ರೇ" ಅಂದರು. ಭಾವ ನನ್ನನ್ನು ನೋಡಿದ ನೋಟದಲ್ಲಿ ಭೂಮಿತಾಯಿಯ ಮುನಿಸೂ ಸೇರಿತ್ತು.

ಈಗ ನನ್ನ ಮಾನ ಹೋದ ಭಾಗ. ಇಷ್ಟಾದ ಮೇಲೆ ನಾನು ಹಟ ಹಿಡಿದು ಮಿಷನ್ನಿನವರನ್ನು ಕರೆಸಿದೆ. ನಾಲ್ಕು ಕಬ್ಬಿಣದ ಗೂಟ ಸಾಲಾಗಿ ನೆಡುತ್ತಾರೆ. ಹೊರಗಿನ ಎರಡರಿಂದ ಕರೆಂಟು ಹಾಯಿಸಿ ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುತ್ತಾರೆ. ಗೂಟಗಳ ಅಂತರ ಹಿಗ್ಗಿಸಿದಷ್ಟೂ ಇನ್ನಷ್ಟು ಆಳದ ಸಮಾಚಾರ ಸಿಗುತ್ತದೆ. ಒಣಗಿದ ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಬಿಟ್ಟುಕೊಡುತ್ತದೆ. ತೊಂದರೆ ಏನೆಂದರೆ ಒದ್ದೆ ಜೇಡಿಯೂ ಬಿಟ್ಟುಕೊಡುತ್ತದೆ, ಅದರಿಂದ ಒಂದು ಬಿಂದಿಗೆ ನೀರೂ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಭಾವನಿಗೆ ಹೇಳಿರಲಿಲ್ಲ.

ತಿರುಚೆಂಗೋಡಿನ ರಿಗ್ಗು ಬಂತು. ನಾಮಕ್ಕಲ್ ಜಿಲ್ಲೆಯ ಆ ಊರಿನ ರಿಗ್ ಲಾರಿಗಳು ದೇಶದ ಮೂಲೆಮೂಲೆಗೂ ಹೋಗಿ ನೆಲ ಕೊರೆಯುತ್ತವೆ. ನಮ್ಮ ಕಡೆ ದಿಂಬಂ ಹತ್ತಿ ಏದುಸಿರು ಬಿಡುತ್ತಾ ಬರುತ್ತವೆ. ಮೊದಲು ನನ್ನ ಮಿಷನ್ನು ತೋರಿಸಿದ ಪಾಯಿಂಟು. ಕೇಸಿಂಗ್ ಇಳಿಸಿದರು, ಸುತ್ತಿಗೆ ಬಡಿಯಲು ಶುರುವಾಯಿತು, ಬೂದಿಬಣ್ಣದ ಹುಡಿ ಹೊಗೆಯ ಹಾಗೆ ಎದ್ದು ಅಕ್ಕ ಒಣಹಾಕಿದ್ದ ಸೀರೆಗಳ ಮೇಲೆ ಕೂತಿತು. ಇನ್ನೂರು ಅಡಿ, ಹುಡಿ. ನಾನೂರು ಅಡಿ, ಹುಡಿ. ಆರುನೂರ ಇಪ್ಪತ್ತಕ್ಕೆ ಭಾವ ಕೈ ಮೇಲೆತ್ತಿದರು, ಸಾಕು ಅಂತ. ಬಂದ ರಿಗ್ಗನ್ನು ಸುಮ್ಮನೆ ಕಳಿಸುವುದು ಹೇಗೆ? ಹುಣಸೆಮರದ ಅಂಚಿಗೆ ಸರಿಸಿದರು. ನಾನೂರ ಹತ್ತು ಅಡಿಗೆ ಹುಡಿ ಕೆಸರಾಯಿತು, ಕೆಸರು ನೀರಾಯಿತು. ಒಂದೂವರೆ ಇಂಚು. ಹುಡುಗರು ಆ ನೀರಲ್ಲೇ ಕುಣಿದರು. ಟೀ ಅಂಗಡಿಯಲ್ಲಿ ಒಂದು ತಿಂಗಳು ನನ್ನನ್ನು ಯಾರೂ ಹೆಸರಿಟ್ಟು ಕರೆಯಲಿಲ್ಲ. "ಆರುನೂರಿಪ್ಪತ್ತು ಬಂದ್ರು, ಟೀ ಕೊಡಪ್ಪ" ಅನ್ನುತ್ತಿದ್ದರು.

ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಏನು ಸಂಬಂಧ ಅಂತ ಒಂದು ಮಾತು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅದು ನನ್ನ ಮಿಷನ್ನಿಗೂ ಅನ್ವಯಿಸುತ್ತದಲ್ಲ! ಗೆದ್ದರೆ ವಿಜ್ಞಾನ, ಸೋತರೆ ಕಾಗೆ ಅನ್ನಲಾಗುತ್ತದೆಯೆ? ಹಾಗಾಗಿ ಸುಮ್ಮನೆ ಅವರ ಗೆಲುವನ್ನು ಕೂತು ನೋಡಿದೆ. ಹೇಳಿದ್ದು ಇನ್ನೂರೈವತ್ತು ಮತ್ತು ಮುನ್ನೂರೈವತ್ತು. ಬಂದದ್ದು ನಾನೂರ ಹತ್ತಕ್ಕೆ. ಎರಡು ಗಂಗೆ ಅಂದಿದ್ದರು, ಬಂದದ್ದು ಒಬ್ಬಳು. ಊರಿನ ಬಾಯಲ್ಲಿ ಮಾತ್ರ "ಹೇಳಿದ ಹಾಗೇ ಬಿತ್ತು". ವೈಶಾಖದ ಹೊತ್ತಿಗೆ ಆ ಒಂದೂವರೆ ಇಂಚು ಮುಕ್ಕಾಲಿಗೆ ಇಳಿಯಿತು. ಆಗ ಟೀ ಅಂಗಡಿಯಲ್ಲಿ ಯಾರೂ ಕಾಯಿಯ ಹೆಸರೆತ್ತಲಿಲ್ಲ, ಬೈದದ್ದು ಮಳೆಯನ್ನು.

ಅಲ್ಲಿಂದ ನನಗೆ ಎಣಿಸುವ ಹುಚ್ಚು ಹಿಡಿಯಿತು. ಮೊಮ್ಮಗನ ಉಳಿದ ನೋಟ್‌ಬುಕ್ಕೊಂದು ತೆಗೆದುಕೊಂಡು ಎರಡು ಕಾಲಂ ಗೀಟೆಳೆದೆ. ಕಾಯಿ ತೋರಿಸಿ ನೀರು ಬಿದ್ದವು ಎಡಕ್ಕೆ, ಬೀಳದವು ಬಲಕ್ಕೆ. ಎಡಗಡೆಯದು ಟೀ ಅಂಗಡಿಯಲ್ಲಿ ಕೂತಲ್ಲೇ ತುಂಬಿತು. ಯಾರ ಹೊಲ, ಎಷ್ಟು ಅಡಿ, ಎಷ್ಟು ಇಂಚು, ಯಾವ ವರ್ಷ, ಎಲ್ಲ ಬಾಯಿಪಾಠ. ಬಲಗಡೆಗೆ ಕಾಲು ಸವೆಸಬೇಕಾಯಿತು. ಬತ್ತಿದ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿರುತ್ತಾರೆ, ಮೇಲೆ ಹುಲ್ಲು ಬೆಳೆದಿರುತ್ತದೆ. ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಒಬ್ಬರು ಹೇಳಿದರು, ರಿಗ್ಗಿನವನು ನೆಟ್ಟಗೆ ಇಳಿಸಲಿಲ್ಲ. ಇನ್ನೊಬ್ಬರು ಹೇಳಿದರು, ಅವತ್ತು ಅಮಾವಾಸ್ಯೆ ಅಂತ ಗೊತ್ತಿರಲಿಲ್ಲ. ಒಬ್ಬಾಕೆ ಚಪ್ಪಡಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದವಳು, "ಇದ್ಯಾವ್ ಬೋರು? ಕಲ್ಲು ಕನಾ ಇದು" ಅಂದುಬಿಟ್ಟಳು. ಮಗಳ ಓಲೆ ಅಡವಿಟ್ಟು ಕೊರೆಸಿದ್ದಂತೆ, ಪಕ್ಕದ ಮನೆಯವರು ಆಮೇಲೆ ಹೇಳಿದರು. ಬಿದ್ದ ನೀರು ಊರಿಗೆಲ್ಲ ಗೊತ್ತು. ಬೀಳದ್ದು ಸಾಲ ಕೊಟ್ಟವನಿಗೆ ಮಾತ್ರ ಗೊತ್ತು. ನನ್ನ ಲೆಕ್ಕ ಇನ್ನೂ ಮುಗಿದಿಲ್ಲ, ಮುಗಿಯುವ ಹಾಗೂ ಕಾಣುತ್ತಿಲ್ಲ.

ಲೆಕ್ಕ ಮುಗಿಸಿದವರಿದ್ದಾರೆ. 1990ರಲ್ಲಿ ಜರ್ಮನಿಯ ಕಾಸೆಲ್ ಎಂಬಲ್ಲಿ 30 ಮಂದಿ ಜಲಶೋಧಕರನ್ನು ಸೇರಿಸಿ ಒಂದು ಪರೀಕ್ಷೆ ನಡೆಯಿತು. ಅರ್ಧ ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಪೈಪು ಹೂತಿದ್ದರು. ಪೈಪು ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿದ್ದರು. ಹೇಳಬೇಕಾದದ್ದು ಇಷ್ಟೇ: ಈಗ ಅದರಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ. ಎಲ್ಲರೂ ಷರತ್ತಿಗೆ ಒಪ್ಪಿದವರು, ಖಂಡಿತ ಹೇಳುತ್ತೇವೆ ಅಂದವರು. ಕೊನೆಗೆ ನೋಡಿದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ಅಲ್ಲಿಯವರು ಹಿಡಿದದ್ದು ಕವೆಕಡ್ಡಿ, ಲೋಹದ ಸರಳು, ತೆಂಗಿನಕಾಯಿ ಅಲ್ಲ. ಹಾಗಾಗಿ ನಮ್ಮೂರಿನವರಿಗೆ ಇನ್ನೂ ಒಂದು ದಾರಿ ತೆರೆದಿದೆ.

ಹಾಗಾದರೆ ಹಳೆಯವರಿಗೆ ನೀರಿನ ಜ್ಞಾನವೇ ಇರಲಿಲ್ಲವೆ ಅಂತ ಕೇಳಿದರೆ, ಇತ್ತು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರಿಗಾಗಿಯೇ ಒಂದು ಅಧ್ಯಾಯ ಇಟ್ಟಿದ್ದಾನೆ, ದಕಾರ್ಗಲ ಅಂತ. ಇಂಥ ಮರದಿಂದ ಇಂಥ ದಿಕ್ಕಿಗೆ, ಹುತ್ತ ಇದ್ದರೆ ಅದರ ಪಕ್ಕಕ್ಕೆ, ಅಂತ ಹೇಳುತ್ತಾ ಹೋಗುತ್ತಾನೆ. ಅವನು ಹೇಳಿದ್ದೆಲ್ಲ ಸರಿ ಎಂದಲ್ಲ. ಆದರೆ ಗೆದ್ದಲಿಗೆ ತೇವ ಬೇಕು, ಕೆಲವು ಮರದ ಬೇರಿಗೆ ನೀರು ಬೇಕು. ಹೋಗಿ ಅಗೆದು ನೋಡಿ ಸರಿ-ತಪ್ಪು ಹೇಳಬಹುದಾದ ಮಾತುಗಳು ಅವು. ನಮ್ಮ ಕಾಯಿಯವರ ಕಣ್ಣೂ ಇದೇ ಶಾಲೆಯದು. ಅವರು ಕಾಯನ್ನು ಬಿಟ್ಟು ಬರಿಗೈಯಲ್ಲಿ ಬಂದು, "ಇಳಿಜಾರು ಹೀಗಿದೆ, ಹಳೇ ಬಾವಿ ಅಲ್ಲಿದೆ, ಇಲ್ಲಿ ನೋಡೋಣ" ಅಂದಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಆದರೆ ಬರಿಗೈಗೆ ಯಾರು ದಕ್ಷಿಣೆ ಕೊಡುತ್ತಾರೆ?

ನಮ್ಮ ನೆಲದ ಕಲ್ಲಿನ ಹೆಸರೇ ಒಂದು ತಮಾಷೆ. ಈ ಬೆಟ್ಟಸಾಲಿನಲ್ಲಿ ಚಾರ್ನೊಕೈಟ್ ಎಂಬ ಗಟ್ಟಿ ಶಿಲೆ ಇದೆ. ಕಲ್ಕತ್ತದಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕನ ಗೋರಿಯ ಕಲ್ಲು ಇದೇ ಜಾತಿಯದೆಂದು ಭೂವಿಜ್ಞಾನಿ ಹಾಲೆಂಡ್ ಅದಕ್ಕೆ ಆ ಹೆಸರು ಕೊಟ್ಟರು. ಇಂಥ ಕಲ್ಲಿನಲ್ಲಿ ನೀರಿರುವುದು ಮೇಲಿನ ಸವೆದ ಪದರದಲ್ಲಿ, ಬಿಟ್ಟರೆ ಬಿರುಕಿನಲ್ಲಿ. ಬಿರುಕು ತಪ್ಪಿದರೆ ಕಾಯಿ, ಮಿಷನ್ನು ಎರಡೂ ಒಂದೇ. ದುಡ್ಡು ಗೋರಿಯ ಕಲ್ಲಿನಡಿ ಮಲಗುತ್ತದೆ.

ಎಣಿಸುವ ಹುಚ್ಚು ನನಗೆ ಹೊಸದಾದರೂ ಪರೀಕ್ಷಿಸುವ ಹುಚ್ಚು ಹಳೆಯದು. ನಾವು ಎಳೆಯರಾಗಿದ್ದಾಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಒಂದು ಸಮಿತಿಯನ್ನೇ ಮಾಡಿದರು, 1976ರಲ್ಲಿ. ಬೂದಿ, ಉಂಗುರ ಯಾಕೆ, ಪವಾಡಪುರುಷರು ಕೈಯಲ್ಲಿ ಅಡಗದ ಒಂದು ಕುಂಬಳಕಾಯಿ ಸೃಷ್ಟಿ ಮಾಡಿ ತೋರಿಸಲಿ ಎಂಬ ಅವರ ಸವಾಲಿನ ಮಾತು ಆಗ ಮನೆಮಾತು. ಇತ್ತ ನಮ್ಮ ಕೆಳಗಿನ ಕೊಯಮತ್ತೂರಿನ ಪೋತನೂರಿನಲ್ಲಿ ಬಿ. ಪ್ರೇಮಾನಂದ್ ಇದ್ದರು. 2009ರಲ್ಲಿ ತೀರಿಹೋಗುವವರೆಗೂ ಊರೂರು ತಿರುಗಿ, ಬಾಬಾಗಳು ಮಾಡುವುದನ್ನೆಲ್ಲ ತಾವೇ ಮಾಡಿ ತೋರಿಸಿ, ಹೇಗೆ ಅಂತಲೂ ಬಿಡಿಸಿ ಹೇಳಿದವರು. ವಿಭೂತಿಯನ್ನು ಅಕ್ಕಿಗಂಜಿಯಲ್ಲಿ ಕಲಸಿ ಗುಳಿಗೆ ಕಟ್ಟಿ ಒಣಗಿಸಿ ಬೆರಳ ಸಂದಿಯಲ್ಲಿಟ್ಟುಕೊಂಡರೆ ಬೇಕಾದಾಗ ಗಾಳಿಯಿಂದ ಉದುರಿಸಬಹುದು. ಹೋಮದ ಬೆಂಕಿ ತಾನಾಗಿ ಹತ್ತಬೇಕೆ? ಕುಂಡದಲ್ಲಿ ಪೊಟ್ಯಾಶಿಯಂ ಪರ್ಮಾಂಗನೇಟ್ ಇರಲಿ, ತುಪ್ಪದ ಹೆಸರಿನಲ್ಲಿ ಗ್ಲಿಸರಿನ್ ಹೊಯ್ಯಿರಿ, ಮಂತ್ರವನ್ನು ಸ್ವಲ್ಪ ಎಳೆದು ಹೇಳಿ.

ಅವರ ಪಟ್ಟಿಯ ಒಂದು ವಿದ್ಯೆಯಂತೂ ನಮ್ಮ ಹೆಂಗಸರಿಗೆ ಹುಟ್ಟಿನಿಂದ ಗೊತ್ತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಮದುಮಕ್ಕಳ ಮುಂದೆ ತಟ್ಟೆಯಲ್ಲಿ ಹಿಡಿದರೆ ಅದು ಆರತಿ. ಅದೇ ನೀರು ಮಾಟ ತೆಗೆಯುವವನ ತಟ್ಟೆಯಲ್ಲಿ ಕಂಡರೆ 'ಅಯ್ಯೋ ರಕ್ತ!' ಒಂದೇ ಮನೆಯಲ್ಲಿ, ಬೆಳಗ್ಗೆ ಆರತಿ ಕಲಸಿದ ಕೈಯೇ ಸಂಜೆ ಅದನ್ನು ಕಂಡು ನಡುಗಿದ್ದನ್ನು ನಾನು ನೋಡಿದ್ದೇನೆ.

ಅರಿಶಿನದ ಮಾತು ನಾನು ಆಡಬಾರದು, ನನ್ನದೂ ಎರಡು ಎಕರೆ ಇದೆ. ಈರೋಡ್ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಹೆಮ್ಮೆಯಾಯಿತು. ಅದರ ಕರ್ಕ್ಯುಮಿನ್ ಕ್ಯಾನ್ಸರಿನಿಂದ ಮರೆವಿನವರೆಗೆ ಎಲ್ಲವನ್ನೂ ಗುಣಪಡಿಸುತ್ತದೆ ಎಂಬ ಫಾರ್ವರ್ಡ್ ಮೆಸೇಜು ದಿನಕ್ಕೊಂದು ಬರುತ್ತದೆ. ಬೆಲೆ ಏರುತ್ತದಲ್ಲ ಅಂತ ನಾನೂ ಎರಡು ಸಲ ಮುಂದಕ್ಕೆ ಕಳಿಸಿದ್ದೇನೆ. ಆದರೆ 2017ರಲ್ಲಿ ಔಷಧ ರಸಾಯನಶಾಸ್ತ್ರದ ಒಂದು ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಜಾಲಾಡಿ ಬರೆದವರು, ರೋಗಿಗೂ ವೈದ್ಯನಿಗೂ ಯಾವುದು ನಿಜವಾದ ಮಾತ್ರೆ ಅಂತ ಗೊತ್ತಿಲ್ಲದ ಹಾಗೆ ಮಾಡಿದ ಯಾವ ಪ್ರಯೋಗದಲ್ಲೂ ಅದು ಗೆದ್ದಿಲ್ಲ ಎಂದರು. ಕಣ್ಣಿಗೆ ಟವಲು ಕಟ್ಟಿದ ಕೂಡಲೇ ನಮ್ಮ ಅರಿಶಿನವೂ ಮಲಗಿತು. ಸಾರಿಗೆ ಹಾಕಲು ಅಡ್ಡಿಯಿಲ್ಲ.

ಪವಾಡವೆಂದರೆ 1995ರ ಸೆಪ್ಟೆಂಬರ್ 21 ನೆನಪಿರಬೇಕು ನಿಮಗೆ. ದೇಶಕ್ಕೆ ದೇಶವೇ ಚಮಚ ಹಿಡಿದು ಗಣಪತಿಗೆ ಹಾಲು ಕುಡಿಸಿದ ದಿನ. ನಮ್ಮ ಶಾಲೆಯ ಮಕ್ಕಳೂ ಓಡಿದರು. ನಾನು ಹತ್ತು ಹುಡುಗರನ್ನು ಕಟ್ಟಿಕೊಂಡು ಗಡಿಯ ಹತ್ತಿರ ಹೋಗಿ, ಎರಡು ರಾಜ್ಯದ ನಡುವಿನ ಗಡಿಕಲ್ಲಿಗೆ ತುಂಬಿದ ಚಮಚ ತಾಗಿಸಿದೆ. ಅದೂ ಕುಡಿಯಿತು. ದ್ರವದ ಮೇಲ್ಮೈ ಎಳೆತ ಚಮಚದ ಅಂಚಿನಿಂದ ಹಾಲನ್ನು ಸೆಳೆದು ಕಲ್ಲಿನ ಮೈಮೇಲೆ ತೆಳುವಾಗಿ ಹರಿಸುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬುಡದಲ್ಲಿ ಮಣ್ಣು ಒದ್ದೆಯಾಗಿರುತ್ತದೆ. ಹುಡುಗರು ಬುಡ ಮುಟ್ಟಿ ನೋಡಿ ನಕ್ಕರು. ಪುಣ್ಯಕ್ಕೆ ಕೊಟ್ಟದ್ದು ಹಾಲು. ಆ ಗಡಿಕಲ್ಲಿಗೆ ನೀರು ಕುಡಿಸಿದ್ದರೆ ಕಾವೇರಿ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಗುತ್ತಿತ್ತು.

ತಾಳವಾಡಿ ಅಂದಮೇಲೆ ಗುಮಟಾಪುರ ಬಿಟ್ಟರೆ ನೀವು ಬಿಡುವುದಿಲ್ಲ. ದೀಪಾವಳಿ ಮುಗಿಯುವ ಹೊತ್ತಿಗೆ ಅಲ್ಲಿ ಗೊರೆ ಹಬ್ಬ. ಮನೆಮನೆಯ ಸಗಣಿ ಟ್ರ್ಯಾಕ್ಟರಿನಲ್ಲಿ ಬಂದು ಬೀರೇಶ್ವರನ ಗುಡಿಯ ಹತ್ತಿರ ರಾಶಿ ಬೀಳುತ್ತದೆ. ಹುಲ್ಲಿನ ಮೀಸೆ-ಗಡ್ಡದ ಚಾಡಿಕೋರನನ್ನು ಕತ್ತೆ ಮೇಲೆ ಮೆರೆಸುತ್ತಾರೆ, ವರ್ಷದ ಬೈಗುಳವೆಲ್ಲ ಅವತ್ತು ಹೊರಗೆ ಬರುತ್ತದೆ. ಪೂಜೆಯಾದ ಮೇಲೆ ಗಂಡಸರು ಅಂಗಿ ಕಳಚಿ ಸಗಣಿಗಿಳಿದು ಉಂಡೆ ಕಟ್ಟಿ ಹೊಡೆದಾಡುತ್ತಾರೆ. ಎಂಥ ಆನಂದ ಅದು! ಭಾವ-ಭಾಮೈದಂದಿರ ಲೆಕ್ಕವೆಲ್ಲ ಒಂದು ಗಂಟೆಯಲ್ಲಿ ಚುಕ್ತಾ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಈಚೆಗೆ ಕ್ಯಾಮೆರಾ ಬಂದಮೇಲೆ ಶುರುವಾದ ಮಾತಿನ ಬಗ್ಗೆ. ಸಗಣಿ ಮೈಗೆ ಬಿದ್ದರೆ ಕಾಯಿಲೆ ವಾಸಿ ಅಂತ ಊರಿನವರು ಮೊದಲೂ ನಂಬುತ್ತಿದ್ದರು, ಅದು ದೇವರ ಲೆಕ್ಕದಲ್ಲಿತ್ತು. ಈಗ ಪ್ಯಾಂಟು ಹಾಕಿದವರು ಬಂದು "ಇದರ ಹಿಂದೆ ವಿಜ್ಞಾನ ಇದೆ" ಅನ್ನುತ್ತಾರೆ. ಹಿಂದೆ ಅಂದರೆ ಎಷ್ಟು ಹಿಂದೆ ಅಂತ ಕೇಳಿದರೆ ಹೇಳುವುದಿಲ್ಲ. ಸ್ಪೇನಿನ ಬುನ್ಯೋಲ್ ಊರಿನಲ್ಲಿ ಟೊಮೆಟೊ ಎರಚಾಡುತ್ತಾರೆ. ಚರ್ಮಕ್ಕೆ ಒಳ್ಳೆಯದು ಅಂತ ಅಲ್ಲಿ ಯಾರೂ ನೆಪ ಹುಡುಕಲಿಲ್ಲ, ಮಜಾ ಬರುತ್ತದೆ ಅಂದರು, ಸಾಕಾಯಿತು. ನಮ್ಮಲ್ಲಿ ಟೊಮೆಟೊ ಬೀದಿಗೆ ಬೀಳುವುದು ಬೆಲೆ ಬಿದ್ದಾಗ ಮಾತ್ರ, ಅದರಲ್ಲಿ ಮಜಾ ಇಲ್ಲ. ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು, ಗಾಯವಿದ್ದವರು ಇಂಜೆಕ್ಷನ್ ಹಾಕಿಸಿಕೊಂಡು ಇಳಿಯುವುದು ಒಳ್ಳೆಯದು. ಇಷ್ಟು ಬಿಟ್ಟರೆ ವಿಜ್ಞಾನಕ್ಕೆ ಆ ಹಬ್ಬದಲ್ಲಿ ಕೆಲಸವಿಲ್ಲ.

2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಂದಿನ ಅಧ್ಯಕ್ಷರು ದಿಲ್ಲಿಯಲ್ಲಿ ಸಗಣಿಯ ಒಂದು ಚಿಪ್ ಎತ್ತಿ ತೋರಿಸಿದರು. ಮೊಬೈಲಿಗೆ ಹಚ್ಚಿದರೆ ರೇಡಿಯೇಷನ್ ತಗ್ಗುತ್ತದೆ ಅಂದರು. ಯಾವ ಪ್ರಯೋಗ, ಎಲ್ಲಿ ಮಾಡಿದ್ದು, ಅಂಕಿ ಕೊಡಿ ಎಂದು ನಾನೂರಕ್ಕೂ ಹೆಚ್ಚು ವಿಜ್ಞಾನಿಗಳು ಬರೆದು ಕೇಳಿದರು. ನನ್ನದು ಹಳ್ಳಿ ಮೇಷ್ಟರ ಪ್ರಶ್ನೆ: ಮೊಬೈಲು ಮಾತಾಡುವುದೇ ಆ ರೇಡಿಯೇಷನ್ನಿನಲ್ಲಿ, ಅದನ್ನು ತಡೆದರೆ ಮಾತು ಹೋಗುವುದು ಹೇಗೆ? ತಡೆದಷ್ಟೂ ಫೋನು ಟವರ್ ಸಿಗಲಿಲ್ಲವೆಂದು ಇನ್ನೂ ಜೋರಾಗಿ ಕೂಗುತ್ತದೆ. ಇನ್ನು ತಲಮಲೆ ಕಾಡಿನ ದಾರಿಯಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇಲ್ಲ. ಅಲ್ಲಿ ನಮಗೆ ಚಿಪ್ ಇಲ್ಲದೆಯೇ ಪೂರ್ಣ ರಕ್ಷಣೆ.

ಹೀಗೆ ಎಲ್ಲರನ್ನೂ ನೋಡಿ ನಕ್ಕ ನಾನೂ ಒಂದು ಶಾಸ್ತ್ರ ಹುಟ್ಟಿಸಿದ್ದೇನೆ. ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಹೊತ್ತೊಯ್ದದ್ದು 2000ದ ಜುಲೈ 30, ಬಿಟ್ಟದ್ದು ನವೆಂಬರ್ 15. ಒಟ್ಟು 108 ದಿನ. ಆ ಸಂಖ್ಯೆಯ ಮಹಿಮೆ ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಕೇಳಿ ಕೇಳಿ, ಒಂದು ದಿನ ಬೇಸತ್ತು, "ದಿಂಬಂ ತಿರುವು 27, ನಾಲ್ಕರಿಂದ ಗುಣಿಸಿ, 108 ಬರುತ್ತದೆ. ನಕ್ಷತ್ರ 27, ಪಾದ ನಾಲ್ಕು. ಹಿರಿಯರು ಸುಮ್ಮನೆ ರಸ್ತೆ ಮಾಡಿದರೆ?" ಅಂದೆ. ನಕ್ಕರು ಅಂದುಕೊಂಡೆ. ಹದಿನೈದು ದಿನ ಕಳೆದು ಸತ್ಯಮಂಗಲದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರು ಇದನ್ನೇ ನನಗೆ ಹೇಳಿದರು, ತಮಿಳಿನಲ್ಲಿ, ಕಣ್ಣರಳಿಸಿಕೊಂಡು. ಆ ರಸ್ತೆ ಕಡಿದ ಎಂಜಿನಿಯರ್ ನೋಡಿದ್ದು ನಕ್ಷತ್ರವಲ್ಲ, ಗುಡ್ಡದ ಇಳಿಜಾರು ಅಂತ ಬಿಡಿಸಿ ಹೇಳಿದೆ. ಆತ ನನ್ನನ್ನು ಮರುಕದಿಂದ ನೋಡಿ, "ನಿಮಗೆ ಇದರಲ್ಲಿ ನಂಬಿಕೆ ಇಲ್ಲ ಅನ್ನಿಸುತ್ತೆ" ಅಂದರು.

ಹೋದ ವಾರ ಕಾಯಿಯವರ ಫೋನು ಬಂತು. ಅವರದೇ ಒಂದೂವರೆ ಎಕರೆ, ಬೋರು ಹೊಡೆಸಬೇಕಂತೆ.

"ಆ ಮಿಷನ್ನೋರ ನಂಬರ್ ಕೊಡಿ ಮೇಷ್ಟ್ರೇ."

"ಯಾಕೆ, ಕಾಯಿ?"

"ಕಾಯೂ ಹಿಡಿತೀನಿ. ಭಾನುವಾರ ನೀವು ಟವಲ್ ತಕ್ಕಂಡ್ ಬನ್ನಿ. ಕಣ್ ಕಟ್ಟಿ ಮೂರ್ ಸಲ ನಡುಸಿ. ಮೂರ್ ಸಲವೂ ಒಂದೇ ತಾವು ನಿಂತು, ಮಿಷನ್ನೂ ಅಲ್ಲೇ ತೋರುಸ್ರ ಮಾತ್ರ ರಿಗ್ಗು ಕರಿಯದು."

"ನಮ್ಮ ಭಾವನ ಹೊಲದಲ್ಲಿ ಯಾಕೆ ಹಾಗೆ ಹೇಳಲಿಲ್ಲ ನೀವು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ.

"ಅದು ಅವ್ರ ದುಡ್ಡು ಅಲ್ವಾ ಮೇಷ್ಟ್ರೇ" ಅಂದರು.

ಟವಲು ಒಗೆದು ಹಗ್ಗದ ಮೇಲೆ ಹಾಕಿದ್ದೇನೆ.